ಲೋಲಕ: ಅರ್ಥ ಮತ್ತು ಉಪಯೋಗ

ಸ್ಥಿರವಾದ ಬಿಂದುವಿನಿಂದ ತೂಗುಬಿಟ್ಟು, ಗುರುತ್ವಾಕರ್ಷಣೆಯ ಬಲದಿಂದ ಅತ್ತಿಂದಿತ್ತ ಆಡುವ ಭಾರಕ್ಕೆ ಲೋಲಕವೆಂದು ಹೆಸರು. ಹಳೆಯ ಗೋಡೆಗಡಿಯಾರಗಳಲ್ಲಿ ಓಲಾಡುವ ಹಿತ್ತಾಳೆಯ ಬಿಲ್ಲೆ ಇದಕ್ಕೆ ಚಿರಪರಿಚಿತ ಉದಾಹರಣೆ. ತೂಗಾಟವು ಸಣ್ಣದಾಗಿರುವಾಗ, ಅದಕ್ಕೆ ತಗಲುವ ಕಾಲವು ಗುಂಡಿನ ತೂಕವನ್ನು ಅವಲಂಬಿಸದೆ ದಾರದ ಉದ್ದವನ್ನೂ ಆ ಸ್ಥಳದ ಗುರುತ್ವವನ್ನೂ ಅವಲಂಬಿಸುತ್ತದೆ. ಸುಮಾರು 1 ಮೀಟರ್ ಉದ್ದದ ಲೋಲಕವು ಒಂದು ಬದಿಯಿಂದ ಮತ್ತೊಂದು ಬದಿಗೆ ಸಾಗಲು 1 ಸೆಕೆಂಡು ಬೇಕು.

ಲೋಲಕಕ್ಕೂ ವೈದ್ಯಶಾಸ್ತ್ರಕ್ಕೂ ಹಳೆಯ ನಂಟುಂಟು. ಪೀಸಾ ನಗರದ ಚರ್ಚಿನಲ್ಲಿ ತೂಗಾಡುತ್ತಿದ್ದ ದೀಪದ ಗತಿಯನ್ನು ಗೆಲಿಲಿಯೋ ತನ್ನ ನಾಡಿಮಿಡಿತದಿಂದ ಅಳೆದನೆಂಬ ಕಥೆ ಪ್ರಸಿದ್ಧವಾಗಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ಸಾಂಟೋರಿಯೋ ಇದಕ್ಕೆ ವಿಪರೀತವಾಗಿ, ಲೋಲಕದಿಂದ ರೋಗಿಯ ನಾಡಿಯನ್ನೇ ಅಳೆದನು. ನಾಡಿಯ ಬಡಿತಕ್ಕೆ ತೂಗಾಟ ಹೊಂದುವವರೆಗೆ ದಾರವನ್ನು ಹೆಚ್ಚುಕಡಿಮೆ ಮಾಡಿ, ಆ ಉದ್ದವನ್ನು ಗುರುತಿಟ್ಟರೆ, ನಾಡಿಯು ನಿನ್ನೆಗಿಂತ ಇಂದು ಚುರುಕಾಯಿತೋ ನಿಧಾನವಾಯಿತೋ ತಿಳಿಯುತ್ತಿತ್ತು. 1656ರಲ್ಲಿ ಹಾಲೆಂಡಿನ ಹೈಗನ್ಸ್ ಲೋಲಕದ ಗಡಿಯಾರವನ್ನು ನಿರ್ಮಿಸಿದ ಮೇಲೆ ಕಾಲಮಾಪನವು ಮತ್ತಷ್ಟು ನಿಖರವಾಯಿತು.

ಭುಜ ಬಿಗಿದವರಿಗೆ ವೈದ್ಯರು ಇಂದಿಗೂ ಲೋಲಕದ ವ್ಯಾಯಾಮವನ್ನು ಸೂಚಿಸುವುದುಂಟು. ಮುಂದಕ್ಕೆ ಬಾಗಿ, ಒಳ್ಳೆಯ ಕೈಯನ್ನು ಮೇಜಿಗೆ ಊರಿ, ನೋಯುವ ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೈಯ ಓಲಾಟದಿಂದಲೇ ಅದನ್ನು ಮೆಲ್ಲಗೆ ತೂಗಾಡಿಸುವುದು ಇದರ ಕ್ರಮ. ಇದನ್ನು ವೈದ್ಯರ ಸಲಹೆ ಪಡೆದೇ ಆರಂಭಿಸತಕ್ಕದ್ದು.

ಆದರೆ ದಾರಕ್ಕೆ ಕಟ್ಟಿದ ಹರಳನ್ನು ರೋಗಿಯ ಮೈಮೇಲೆ ಹಿಡಿದು, ಅದು ಸುತ್ತುವ ದಿಕ್ಕಿನಿಂದ ಕಾಯಿಲೆಯನ್ನು ಹೇಳುವ ಪದ್ಧತಿಯೂ ಒಂದುಂಟು. ಗುಂಡು ಕಣ್ಣೆದುರಿಗೇ ಆಡುವುದರಿಂದ ನೋಡುವವರಿಗೆ ನಂಬಿಕೆ ಹುಟ್ಟುವುದು ಸಹಜ, ಹಿಡಿದವನೂ ಮೋಸಗಾರನಾಗಿರಬೇಕೆಂದಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಇಂತಹ ಲೋಲಕವನ್ನು ಪಾದರಸದ ಮೇಲೆ ತಾನೇ ಹಿಡಿದು ಪರೀಕ್ಷಿಸಿ, ಫಲಿತಾಂಶವನ್ನು 1833ರಲ್ಲಿ ಪ್ರಕಟಿಸಿದನು. ತೋಳಿಗೆ ಆಸರೆ ಕೊಟ್ಟಷ್ಟೂ ತೂಗಾಟವು ಕುಗ್ಗಿತು. ನಡುವೆ ಗಾಜನ್ನಿಟ್ಟಾಗ ನಿಂತಂತೆ ಕಂಡ ಗುಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ ಗಾಜಿನ ಇರವನ್ನು ಲೆಕ್ಕಿಸಲಿಲ್ಲ. ಮನಸ್ಸಿನ ನಿರೀಕ್ಷೆಯೇ ಅರಿವಿಲ್ಲದಂತೆ ಸ್ನಾಯುಗಳನ್ನು ಮಿಡಿಸಿ ಗುಂಡನ್ನು ಆಡಿಸುತ್ತದೆಂದು ಅವನು ಕಂಡುಕೊಂಡನು.

ಸ್ಥಿರವಾದ ಕೊಕ್ಕೆಗೆ ತೂಗಿದ ಲೋಲಕವು ಕಾಲವನ್ನು ತಿಳಿಸುತ್ತದೆ. ಕೈಯಲ್ಲಿ ಹಿಡಿದದ್ದು ಹಿಡಿದವನ ಮನಸ್ಸನ್ನಷ್ಟೇ ತಿಳಿಸುತ್ತದೆ. ಬಂಧುಬಳಗದಿಂದ ದೂರವಿರುವ ಮಹಾನಗರದಲ್ಲಿ, ಮನೆಯಲ್ಲೊಬ್ಬರು ಕಾಯಿಲೆ ಬಿದ್ದಾಗ ಸಿಕ್ಕಿದ ಆಸರೆಗೆ ಮನಸ್ಸು ವಾಲುತ್ತದೆ. ಅಂತಹ ವೇಳೆಯಲ್ಲಿ ಹರಳಿನ ಮಾತಿಗೆ ಕಾದು ಕುಳಿತರೆ ಚಿಕಿತ್ಸೆಯ ಅಮೂಲ್ಯ ಕಾಲವು ಕಳೆದುಹೋಗುತ್ತದೆ. ರೋಗನಿರ್ಣಯವು ವೈದ್ಯರ ಪರೀಕ್ಷೆಯಿಂದಲೇ ಆಗತಕ್ಕದ್ದು.