ಮಕ್ಕಳ ಕಣ್ಣಿಗೆ ಕೆರೆ ಏರಿಯ ಬೆಳಕು

ಚಿಕ್ಕ ವಯಸ್ಸಿಗೇ ಮಕ್ಕಳಿಗೆ ಕನ್ನಡಕ ಬರುತ್ತಿದೆಯೆಂದು ಅನೇಕ ತಂದೆತಾಯಿಯರು ಚಿಂತಿಸುತ್ತಾರೆ. ಪುಸ್ತಕ, ಮೊಬೈಲ್‌ಗಳನ್ನು ಹತ್ತಿರದಿಂದ ನೋಡುವುದಷ್ಟೇ ಅಲ್ಲ, ಹಗಲು ಬೆಳಕಿನಲ್ಲಿ ಆಡುವುದು ಕಡಿಮೆಯಾದದ್ದೂ ಇದಕ್ಕೆ ಕಾರಣ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊತ್ತು ಬಯಲಿನಲ್ಲಿ ಕಳೆದ ಮಕ್ಕಳಲ್ಲಿ, ಮೂರು ವರ್ಷಗಳ ನಂತರ ಸಮೀಪದೃಷ್ಟಿ ದೋಷ ಕಡಿಮೆ ಮಂದಿಗೆ ಬಂದಿತ್ತೆಂದು 2015ರಲ್ಲಿ ವರದಿಯಾಯಿತು.

ಮೈಸೂರಿನವರಿಗೆ ಇದಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯೇ ಇದೆ. ಬೆಳಿಗ್ಗೆ ಮಕ್ಕಳನ್ನು ಕರೆದೊಯ್ಯಿರಿ. ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿಗಳನ್ನು ಎಣಿಸಲು ಹೇಳಿದರೆ ನಡಿಗೆ ಬೇಸರವಾಗದು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಹಿಂದಿರುಗಿ. ಟೋಪಿ, ನೀರು ಜೊತೆಗಿರಲಿ. ದುರ್ಬೀನಿನಿಂದ ಸೂರ್ಯನನ್ನು ನೋಡಲೇಬಾರದು.

ಈಗಾಗಲೇ ಬಂದಿರುವ ದೋಷ ಇದರಿಂದ ಹೋಗುವುದಿಲ್ಲ. ಕಪ್ಪುಹಲಗೆಯ ಅಕ್ಷರ ಮಸುಕೆಂದು ಮಗು ಹೇಳಿದರೆ ತಡಮಾಡದೆ ನೇತ್ರತಜ್ಞರಿಗೆ ತೋರಿಸಿ.