ರೊಟ್ಟಿಯ ಜೊತೆಗೆ ಒಂದು ಬಟ್ಟಲು ಪಚಡಿ



ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಯೇಲರು ಈಜಿಪ್ಟಿನಲ್ಲಿ ತಿಂದಿದ್ದ ಸೌತೆಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರೆಂದು ಸಂಖ್ಯಾಕಾಂಡದ 11ನೇ ಅಧ್ಯಾಯದಲ್ಲಿ ಓದುತ್ತೇವೆ. ಕೌತಾಳಂ, ಆದೋನಿ ಕಡೆಯ ನಮಗೆ ಇವು ಹೊಲದಲ್ಲೇ ಸಿಗುತ್ತವೆ. ಆದರೂ ಉಳ್ಳಾಗಡ್ಡಿ ಚೀಲ ತುಂಬಿ ಪೇಟೆಗೆ ಹೋಗುತ್ತದೆ. ಮನೆಯಲ್ಲಿ ಬರೀ ರೊಟ್ಟಿ, ಖಾರ.

ತೆಲುಗಿನಲ್ಲಿ ಪಚ್ಚಡಿ ಎಂದರೆ ಚಟ್ನಿ. ಕನ್ನಡದ ಮನೆಗಳಲ್ಲಿ ಪಚಡಿ ಎಂದರೆ ಹಸಿ ತರಕಾರಿ ಹೆಚ್ಚಿ ಕಲಸಿದ್ದು. ದೂರದ ಆಫ್ಘಾನಿಸ್ತಾನದಲ್ಲಿಯೂ ಟೊಮೆಟೊ, ಉಳ್ಳಾಗಡ್ಡಿ, ಸೌತೆಕಾಯಿಗಳನ್ನು ಸಣ್ಣಗೆ ಹೆಚ್ಚಿ, ಕೊತ್ತಂಬರಿ, ನಿಂಬೆರಸ ಬೆರೆಸಿ ಪಲಾವಿನ ಜೊತೆ ತಿನ್ನುತ್ತಾರೆ. ಅದಕ್ಕೆ ಸಲಾತಾ ಎಂದು ಹೆಸರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ ಸುಮಾರು 59 ಮಂದಿಗೆ ರಕ್ತಹೀನತೆ ಇದೆ. ಜೋಳದಲ್ಲಿ, ಸೊಪ್ಪಿನಲ್ಲಿ ಕಬ್ಬಿಣಾಂಶವಿದ್ದರೂ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆ, ಟೊಮೆಟೊಗಳ 'ಸಿ' ಜೀವಸತ್ವ ಇದಕ್ಕೆ ನೆರವಾಗುತ್ತದೆ. ಬೇಯಿಸಿದರೆ ಈ ಜೀವಸತ್ವ ಕಡಿಮೆಯಾಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ; ಒಂದು ಗಂಟೆ ತಡೆದು ಕುಡಿಯಿರಿ.

ಮಾಡುವ ವಿಧಾನ: 2 ಉಳ್ಳಾಗಡ್ಡಿ, 2 ಟೊಮೆಟೊ, 1 ಎಳೆ ಸೌತೆಕಾಯಿ, 1 ಮೂಲಂಗಿ, ಒಂದು ಹಿಡಿ ಮೆಂತ್ಯೆ ಸೊಪ್ಪು, ಸ್ವಲ್ಪ ಕೊತ್ತಂಬರಿ, 1 ಹಸಿಮೆಣಸಿನಕಾಯಿ. ಮೊದಲು ತೊಳೆದು, ಆಮೇಲೆ ಹೆಚ್ಚಿರಿ. 2 ಚಮಚ ಹುರಿದ ಶೇಂಗಾ ಪುಡಿ ಬೆರೆಸಿ. ಉಪ್ಪು, ನಿಂಬೆರಸವನ್ನು ಉಣ್ಣುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಮಾಂಸ ಬಿಡುವ ಶುಕ್ರವಾರಗಳಿಗೂ ತಪಸ್ಸುಕಾಲಕ್ಕೂ ಇದು ತಕ್ಕ ಊಟ.

ಒಂದು ಎಚ್ಚರಿಕೆ. ಹಸಿಯಾಗಿ ತಿನ್ನುವ ತರಕಾರಿಗೆ ಚರಂಡಿ ನೀರು ಬೇಡ. ಅದರಿಂದ ಜಂತುಹುಳು, ಭೇದಿ ಬರುತ್ತವೆ. ಔಷಧಿ ಹೊಡೆದ ಹತ್ತಿ ಹೊಲದಲ್ಲಿ, ಅದರ ಬದುವಿನಲ್ಲಿ ಬೆಳೆದ ಸೊಪ್ಪನ್ನು ಕಿತ್ತು ತರಬೇಡಿ. ಕೆಲವು ವಿಷಗಳು ಎಲೆಯೊಳಗೇ ಸೇರಿಕೊಳ್ಳುತ್ತವೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಆದ್ದರಿಂದ ಹಿತ್ತಲಲ್ಲಿ ಒಂದೆರಡು ಮಡಿ ಮಾಡಿ, ತಿಪ್ಪೆಗೊಬ್ಬರ ಚೆನ್ನಾಗಿ ಕೊಳೆತ ಮೇಲೆ ಹಾಕಿ, ಮೆಂತ್ಯೆ, ಮೂಲಂಗಿ, ಕೊತ್ತಂಬರಿ ಬಿತ್ತಿ. ಮೆಂತ್ಯೆ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುತ್ತದೆ.

ದೇವರು ಕೊಟ್ಟ ಬೆಳೆಯಲ್ಲಿ ಪೇಟೆಯ ಪಾಲು ಪೇಟೆಗೆ ಹೋಗಲಿ. ಮೊದಲ ಪಾಲು ಮನೆಯ ತಾಯಿ ಮಕ್ಕಳ ತಟ್ಟೆಗೆ ಬೀಳಲಿ.