ವಿಮಾನದೊಳಗಣ ಆಸನಗಳ ಸ್ಥಾನಪಲ್ಲಟ

ಚನ್ನರಾಯಪಟ್ಟಣದ ಸಂತೆಗೆ ತೆಂಗಿನಕಾಯಿ ಹೇರಿಕೊಂಡು ಹೋಗುವ ಎತ್ತಿನ ಗಾಡಿಯನ್ನು ಕಂಡವರು ನಮ್ಮ ವಾಚಕರಲ್ಲಿ ಅನೇಕರಿರುವರು. ಹೇರು ಮುಂದಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವದು. ಹಿಂದಾದರೆ ಮೂಕಿಯು ಮೇಲಕ್ಕೆದ್ದು ಕೊರಳಹಗ್ಗವು ಬಿಗಿಯುವದು. ಆದಕಾರಣ ಗಾಡಿಯವನು ಮೂಟೆಗಳನ್ನು ಅಚ್ಚಿನ ಹಿಂದುಮುಂದಕ್ಕೆ ಸಮವಾಗಿ ಹೊಂದಿಸುವನು. ಎರಡು ಎಂಜಿನುಗಳುಳ್ಳ ಚಿಕ್ಕ ವಿಮಾನದಲ್ಲಿ ಆಸನಗಳನ್ನು ಬದಲಾಯಿಸುವವರಿಗೂ ಇದೇ ಚಿಂತೆ. ಆದರೆ ಅವರಿಗೆ ಕಣ್ಣಂದಾಜು ಸಾಲದು.

ಡಾರ್ನಿಯರ್ 228 ಎಂಬ ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವೆವು. 1981ರಲ್ಲಿ ಜರ್ಮನಿಯಲ್ಲಿ ಮೊದಲು ಹಾರಿದ ಇದನ್ನು, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕಾನ್ಪುರದಲ್ಲಿ ತಯಾರಿಸಿದೆ. ಇದರಲ್ಲಿ 19 ಪ್ರಯಾಣಿಕರು ಕುಳಿತುಕೊಳ್ಳಬಹುದು. ಆಸನಗಳು ಅದಕ್ಕಿಂತ ಹೆಚ್ಚಾದರೆ ಪ್ರಯಾಣಿಕರನ್ನು ನೋಡಿಕೊಳ್ಳಲು ಪರಿಚಾರಕರೊಬ್ಬರು ಬೇಕೆಂಬ ನಿಯಮವಿರುವದರಿಂದ, ಇಂಥ ಅನೇಕ ವಿಮಾನಗಳು ಈ ಸಂಖ್ಯೆಯಲ್ಲಿಯೇ ನಿಲ್ಲುತ್ತವೆ. 2022ನೆಯ ಏಪ್ರಿಲಿನಲ್ಲಿ ಡಿಬ್ರುಗಢದಿಂದ ಪಾಸಿಘಾಟಿಗೆ ಸಂಚಾರವನ್ನಾರಂಭಿಸಿದ ಡಾರ್ನಿಯರಿನಲ್ಲಾದರೋ 17 ಆಸನಗಳಿದ್ದವು. ಆಸನಗಳನ್ನು ತೆಗೆದರೆ ಅದೇ ವಿಮಾನವು ಸರಕನ್ನು ಹೊರುವದು. ಡೋಲಿಯನ್ನು ಕಟ್ಟಿದರೆ ರೋಗಿಯನ್ನು ಆಸ್ಪತ್ರೆಯ ಊರಿಗೆ ಮುಟ್ಟಿಸುವದು.

ಇದರಲ್ಲಿ ಅಪಾಯವೇನು? ಒಂದು ಆಸನವೂ ಅದರಲ್ಲಿ ಕುಳಿತವರೂ ಸೇರಿ 100 ಕಿಲೋಗ್ರಾಂ ಎಂದೆಣಿಸೋಣ. ಅದನ್ನು 3 ಮೀಟರು ಹಿಂದಕ್ಕೆ ಸರಿಸಿದರೆ 100ನ್ನು 3ರಿಂದ ಗುಣಿಸಿ, ವಿಮಾನದ ಒಟ್ಟು ಭಾರವಾದ 6,000ದಿಂದ ಭಾಗಿಸತಕ್ಕದ್ದು. ಗುರುತ್ವಕೇಂದ್ರವು 5 ಸೆಂಟಿಮೀಟರು ಹಿಂದಕ್ಕೆ ಸರಿಯಿತೆಂದಾಯಿತು. ಒಂದು ಆಸನಕ್ಕೆ ಇಷ್ಟಾದರೆ ನಾಲ್ಕಕ್ಕೆ ಎಷ್ಟೆಂಬದನ್ನು ಮಕ್ಕಳೇ ಹೇಳಬಲ್ಲರು. ಆ ಕೇಂದ್ರವು ಚಲಿಸಬಹುದಾದ ಎಲ್ಲೆಯೋ ಬಹಳ ಕಿರಿದು. ಹಿಂದಿನ ಎಲ್ಲೆಯನ್ನು ದಾಟಿದರೆ ಮೂಗು ಮೇಲಕ್ಕೆದ್ದು, ರೆಕ್ಕೆಗಳು ಎತ್ತುವ ಶಕ್ತಿಯನ್ನು ಕಳೆದುಕೊಂಡು, ಚಾಲಕನು ಅದನ್ನು ಸರಿಪಡಿಸಲಾರದೆ ಹೋದಾನು. ಮುಂದಿನ ಎಲ್ಲೆಯನ್ನು ದಾಟಿದರೆ ಏರುವಾಗಲೂ ಇಳಿಯುವಾಗಲೂ ಮೂಗನ್ನೆತ್ತುವದು ಕಷ್ಟವಾಗುವದು.

ಭಾರವೊಂದೇ ಅಲ್ಲ. ಆಸನದ ಕಾಲುಗಳು ನೆಲದ ಕಂಬಿಗಳಲ್ಲಿ ಭದ್ರವಾಗಿ ಸಿಕ್ಕಿಕೊಂಡಿರಬೇಕು. ಇಲ್ಲವಾದರೆ ವಿಮಾನವು ಒಮ್ಮೆಗೇ ನಿಂತಾಗ ಆಸನವು ಕುಳಿತವರೊಡನೆ ಮುಂದಕ್ಕೆ ಎಸೆಯಲ್ಪಡುವದು. ಆಪತ್ಕಾಲದ ಬಾಗಿಲಿಗೆ ಹೋಗುವ ದಾರಿಗೆ ಯಾವದೂ ಅಡ್ಡಿಯಾಗಬಾರದು. ಆದಕಾರಣ ಅನುಮೋದಿತವಾದ ನಕ್ಷೆಯಂತೆಯೇ ಕೆಲಸ ನಡೆಯಬೇಕು. ಬದಲಾದ ಭಾರವನ್ನು ವಿಮಾನದ ದಾಖಲೆಯಲ್ಲಿ ಬರೆದಿಡಬೇಕು.

ಭಾರವನ್ನು ಆಳುವದು ನಿಪುಣರಿಗೂ ಸುಲಭವಲ್ಲ. 2004ನೆಯ ಮೇ 29ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, 14 ಆಸನಗಳಿಗೆಂದು ಯೋಜಿಸಿದ ‘ಸರಸ್’ ವಿಮಾನದ ಬರಿದಾದ ಭಾರವು ಸುಮಾರು 4,125 ಕಿಲೋಗ್ರಾಂ ಇರಬೇಕೆಂದು ಉದ್ದೇಶವಿತ್ತು. ಮೊದಲ ಮಾದರಿಯು ಸುಮಾರು 5,118 ತೂಗಿತು. ಹೆಚ್ಚಿದ ಪ್ರತಿಯೊಂದು ಕಿಲೋಗ್ರಾಮೂ ಪ್ರಯಾಣಿಕರಿಗೋ ಇಂಧನಕ್ಕೋ ಸಲ್ಲತಕ್ಕ ಪಾಲನ್ನು ಕಸಿದುಕೊಳ್ಳುವದಷ್ಟೆ.

ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಮನೆಗಳಲ್ಲಿ ಸನ್ನೆಕೋಲಿನ ಲೆಕ್ಕವನ್ನು ಬೇಸರದಿಂದ ಮಾಡುವ ಹೆಣ್ಣುಮಕ್ಕಳಿದ್ದಾರೆ. ಇದರಿಂದ ನಮಗೇನು ಪ್ರಯೋಜನವೆಂದು ಅವರು ಕೇಳಿದರೆ, ತಾಯಿತಂದೆಗಳು ಈ ಆಸನದ ವಿಷಯವನ್ನು ಅವರಿಗೆ ತಿಳಿಸಲಿ. ಡೋಲಿಯಲ್ಲಿ ಮಲಗಿರುವ ರೋಗಿಯ ಪ್ರಾಣವು ವೈದ್ಯರ ಕೈಯಲ್ಲಿರುವಂತೆಯೇ, ಆ ಡೋಲಿಯ ಸ್ಥಳವನ್ನು ತಪ್ಪಿಲ್ಲದೆ ಗುಣಿಸಿಟ್ಟವರ ಕೈಯಲ್ಲಿಯೂ ಇರುತ್ತದೆ.